ಹತ್ತೋಕೂ ಇಂಜಿನ್, ಇಳಿಯೋಕೂ ಇಂಜಿನ್

ಇಂಟರ್ನಲ್ಸ್ ಮುಗಿದ ಮರುದಿನ ಬೆಳಗಿನ ಜಾವ ನಾವು ನಾಲ್ಕು ಜನ ನಂದಿಬೆಟ್ಟಕ್ಕೆ ಹೊರಟೆವು. ಒಂದು ಬೈಕು, ಒಂದು ಸ್ಕೂಟರ್. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರ. ಅಲ್ಲಿ ನಿಂತಾಗ ಮೋಡ ನಮ್ಮ ಕಾಲ ಕೆಳಗಿತ್ತು. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಅದರ ತೇವ ಮಂಜಾಗಿ ತಗ್ಗಿನಲ್ಲೇ ಕೂತುಬಿಡುತ್ತೆ. ಬಿಸಿಲೇರಿದ ಮೇಲೆ ಹೋದರೆ ಸಿಗಲ್ಲ. ಫೋಟೋ ಎಲ್ಲರ ಸ್ಟೇಟಸ್ಸಲ್ಲೂ ಇದೆ, ಬಿಡಿ. ನಾವು ಹೇಳಬೇಕಾಗಿರೋದು ಇಳಿಯುವ ದಾರಿಯ ಬಗ್ಗೆ.

ಅರ್ಧ ಇಳಿದಿದ್ದೆವು. ಸ್ಕೂಟರ್ ಓಡಿಸ್ತಿದ್ದವನು "ಬ್ರೇಕ್ ಹಿಡೀತಿಲ್ಲ ಕಣ್ರೋ" ಅಂದ. ಲಿವರ್ ಪೂರ್ತಿ ಒತ್ತಿದರೂ ಗಾಡಿ ನಿಧಾನ ಆಗ್ತಿಲ್ಲ. ಮುಂದೆ ತಿರುವು. ಬೆಟ್ಟದ ಬದಿಯ ಮಣ್ಣಿಗೆ ಗಾಡಿ ಇಳಿಸಿ ಹೇಗೋ ನಿಲ್ಲಿಸಿದ. ಚಕ್ರದ ಹತ್ತಿರ ಸುಟ್ಟ ವಾಸನೆ.

ಯಾಕೆ ಹೀಗಾಯ್ತು? ಲೆಕ್ಕ ಹಾಕಿ ನೋಡೋಣ. ಗಾಡಿ, ಇಬ್ಬರು ಸೇರಿ 240 ಕಿಲೋ ಅಂತಿಟ್ಟುಕೊಳ್ಳಿ. ಇಳಿತ ಸುಮಾರು 500 ಮೀಟರ್. ಎಂ ಜಿ ಎಚ್ ಹಾಕಿದರೆ ಹತ್ತಿರ ಹತ್ತಿರ 12 ಲಕ್ಷ ಜೂಲ್. ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ! ಗಾಳಿ, ಟೈರು ಸ್ವಲ್ಪ ತಿಂದರೂ ಉಳಿದದ್ದನ್ನು ಬ್ರೇಕ್ ಹೊರಬೇಕು. ಡ್ರಮ್ ಬಿಸಿಯಾಗಿ ಹಿಗ್ಗಿದರೆ ಶೂಗಳಿಂದ ದೂರ ಸರಿಯುತ್ತೆ, ಲೈನಿಂಗಿನ ಘರ್ಷಣೆಯೂ ಇಳಿಯುತ್ತೆ. ಡಿಸ್ಕ್ ಇದ್ದರೂ ಪೂರ್ತಿ ನಿಶ್ಚಿಂತೆಯಿಲ್ಲ. ಹಳೆಯ ಬ್ರೇಕ್ ಆಯಿಲ್ ತೇವ ಹೀರಿರುತ್ತೆ, ಬೇಗ ಕುದಿಯುತ್ತೆ. ಗುಳ್ಳೆ ಎದ್ದರೆ ನಿಮ್ಮ ಬೆರಳಿನ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸೋಕೇ ಹೋಗುತ್ತೆ.

ಬೈಕಿಗೆ ಏನೂ ಆಗಲಿಲ್ಲ, ಯಾಕಂದ್ರೆ ಅದು ಎರಡನೇ ಗೇರಿನಲ್ಲಿತ್ತು. ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕು, ಆ ಕೆಲಸದಲ್ಲಿ ವೇಗ ತಗ್ಗುತ್ತೆ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ಒಂದು ಮಾತು: ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿ ಹೀಗೆ ಇಳಿಯುವಾಗ ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ.

ಸ್ಕೂಟರಿನಲ್ಲಿ ಗೇರ್ ಹಾಕೋಕಾಗಲ್ಲ, ಇಂಜಿನ್ ಹಿಡಿತವೂ ಕಡಿಮೆ. ಹಾಗಾಗಿ ಮೊದಲಿಂದಲೇ ನಿಧಾನ ಇಳಿಯಿರಿ. ಬ್ರೇಕನ್ನು ಸದಾ ಸವರುತ್ತಾ ಇರಬೇಡಿ. ಎರಡೂ ಬ್ರೇಕ್ ಸೇರಿಸಿ ಗಟ್ಟಿಯಾಗಿ ಹಿಡಿದು, ಬಿಟ್ಟು, ಆರೋಕೆ ಸಮಯ ಕೊಡಿ. ನಡುವೆ ಒಂದೆರಡು ಸಲ ನಿಲ್ಲಿಸಿ. ಬಿಸಿ ಬ್ರೇಕಿಗೆ ನೀರು ಮಾತ್ರ ಸುರಿಯಬೇಡಿ.

ಅರ್ಧ ಗಂಟೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆವು. ಎಂ ಜಿ ಎಚ್ ಅನ್ನು ಪಿಯುಸಿಯಿಂದ ಬರೀತಾನೇ ಬಂದಿದ್ದೀವಿ. ಅದಕ್ಕೊಂದು ವಾಸನೆ ಇದೆ ಅಂತ ಗೊತ್ತಾಗಿದ್ದು ಅವತ್ತೇ.