ಹಗುರ ನಳಿಗೆಯ ಲೆಕ್ಕ

ಎನ್.ಸಿ.ಸಿ. ಸೇರಿ ಕವಾಯತು ಮಾಡಿದ ವಿದ್ಯಾರ್ಥಿಗಳಿಗೆ ಕೋವಿಯ ಭಾರವೆಂದರೇನೆಂಬುದನ್ನು ನಾವು ಹೇಳಬೇಕಾಗಿಲ್ಲ. ಹೆಗಲಿಗೇರಿಸಿದ ಮೊದಲ ಹತ್ತು ನಿಮಿಷ ಅದು ಭಾರವೆಂದೇ ತೋರುವುದಿಲ್ಲ. ಒಂದು ಗಂಟೆ ಕಳೆದ ಮೇಲೆ ಅದೇ ಕೋವಿ ಎರಡರಷ್ಟಾದಂತೆ ಭಾಸವಾಗುತ್ತದೆ. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನಂಥ ಏರುತಗ್ಗಿನ ನೆಲದಲ್ಲಿ, ತೋಟಾ, ನೀರು, ಊಟಗಳ ಗಂಟಿನೊಡನೆ ದಿನವೆಲ್ಲ ನಡೆಯಬೇಕಾದವನಿಗೆ ಅರ್ಧ ಕಿಲೋಗ್ರಾಂ ಉಳಿದರೂ ಅದು ದೊಡ್ಡ ಲಾಭವೇ. ಆದುದರಿಂದ ಕೋವಿಯನ್ನು ರಚಿಸುವವರು ತೂಕ ಇಳಿಸಲು ಹೊರಟಾಗಲೆಲ್ಲ ಅವರ ಕಣ್ಣು ಮೊದಲು ಬೀಳುವುದು ನಳಿಗೆಯ ಮೇಲೆ. ಅದು ಅಪ್ಪಟ ಉಕ್ಕು. ಹೊರಮೈಯನ್ನು ಒಂದಿಷ್ಟು ಹೆರೆದರೆ ಸಾಕು, ತೂಕ ಇಳಿಯುತ್ತದೆ. ಆದರೆ ಹೆರೆದ ಉಕ್ಕಿನೊಡನೆ ಇನ್ನೇನು ಹೋಗುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ನಳಿಗೆಯ ದಪ್ಪ ಏತಕ್ಕೆ ಬೇಕು? ಒಡೆಯದಿರಲು ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. 7.62 ಮಿಲಿಮೀಟರ್ ತೋಟಾ ಸಿಡಿದಾಗ ನಳಿಗೆಯ ಹಿಂಭಾಗದಲ್ಲಿ ಉಂಟಾಗುವ ಒತ್ತಡ ವಾಯುಮಂಡಲದ ಒತ್ತಡದ ಮೂರು ಸಾವಿರ ಪಟ್ಟನ್ನೂ ಮೀರುತ್ತದೆ. ಗುಂಡು ಮುಂದೆ ಸರಿದಂತೆ ಅನಿಲಕ್ಕೆ ಹಿಗ್ಗಲು ಎಡೆ ದೊರೆತು ಒತ್ತಡ ಬೇಗನೆ ಕುಸಿಯುತ್ತದೆ. ಹೀಗಾಗಿ ತೋಟಾ ಕೂರುವ ಕಡೆ ನಳಿಗೆ ದಪ್ಪವಾಗಿದ್ದು, ಬಾಯಿಯ ಕಡೆಗೆ ಸಪೂರವಾಗುತ್ತ ಹೋದರೆ ತಪ್ಪಿಲ್ಲ. ಹಗುರ ನಳಿಗೆಯೆಂದರೆ ಹಿಂಭಾಗವನ್ನು ತೆಳ್ಳಗೆ ಮಾಡಿದ್ದೆಂದು ಯಾರೂ ತಿಳಿಯಬಾರದು. ಅಲ್ಲಿ ಕೈಹಚ್ಚುವಂತೆಯೇ ಇಲ್ಲ. ಮುಂದಿನ ಭಾಗ ಸಿಡಿಯದಿರಲು ಎಷ್ಟು ಉಕ್ಕು ಬೇಕೋ ಅದಕ್ಕಿಂತ ಹೆಚ್ಚೇ ಸಾಮಾನ್ಯವಾಗಿ ಇರುತ್ತದೆ. ಹಾಗಾದರೆ ಆ ಹೆಚ್ಚಿನ ಉಕ್ಕಿನ ಕೆಲಸವೇನು? ಎರಡು ಕೆಲಸ: ಬಾಗದಂತೆ ತಡೆಯುವುದು, ಶಾಖವನ್ನು ನುಂಗಿಕೊಳ್ಳುವುದು.

ಬಾಗುವ ವಿಷಯವನ್ನು ಶಹಾಬಾದಿನ ಸುತ್ತಮುತ್ತಲಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗಣಿಯಿಂದ ಎದ್ದ ಚಪ್ಪಡಿ ತೆಳುವಾಗಿದ್ದರೆ ಅದನ್ನು ಕಿರಿದಾದ ಅಂತರಕ್ಕೆ ಹಾಸಬೇಕು, ಅಗಲವಾದ ಅಂತರಕ್ಕೆ ದಪ್ಪನೆಯದೇ ಆಗಬೇಕು ಎಂಬುದು ಕಲ್ಲುಕೆಲಸದವರಿಗೆ ರೂಢಿಯಿಂದ ಬಂದ ತಿಳಿವು. ಚಪ್ಪಡಿಯ ದಪ್ಪವನ್ನು ಅರ್ಧ ಮಾಡಿದರೆ ಅದರ ಬಿಗುಪು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಕೊಳವೆಯ ವಿಷಯದಲ್ಲಿ ಬಿಗುಪು ಹೊರವ್ಯಾಸದ ನಾಲ್ಕನೆಯ ಘಾತದಿಂದ ಒಳವ್ಯಾಸದ ನಾಲ್ಕನೆಯ ಘಾತವನ್ನು ಕಳೆದ ಮೊತ್ತವನ್ನು ಅನುಸರಿಸುತ್ತದೆ. ತೂಕವಾದರೋ ಅವುಗಳ ವರ್ಗಗಳ ವ್ಯತ್ಯಾಸವನ್ನಷ್ಟೇ ಅನುಸರಿಸುತ್ತದೆ. ಇಡೀ ಲೆಕ್ಕದ ಗಂಟು ಇಲ್ಲಿದೆ.

ವಾಚಕರು ಕಾಗದ ಪೆನ್ಸಿಲು ಹಿಡಿದು ನಮ್ಮೊಡನೆ ಬರಲಿ. 7.62 ಮಿಲಿಮೀಟರ್ ರಂಧ್ರವುಳ್ಳ, 20 ಅಂಗುಲ ಉದ್ದದ ಎರಡು ನೇರ ಕೊಳವೆಗಳನ್ನು ತೆಗೆದುಕೊಳ್ಳೋಣ. ಒಂದರ ಹೊರವ್ಯಾಸ 19 ಮಿಲಿಮೀಟರ್, ಇನ್ನೊಂದರದು 16. ಮೊದಲನೆಯದು ಸುಮಾರು 950 ಗ್ರಾಂ ತೂಗುತ್ತದೆ, ಎರಡನೆಯದು 620 ಗ್ರಾಂ. ತೂಕದಲ್ಲಿ ಮೂರರಲ್ಲೊಂದು ಪಾಲು ಉಳಿಯಿತು. ಬಿಗುಪು ಮಾತ್ರ ಅರ್ಧಕ್ಕೆ ಇಳಿಯಿತು. ಇದು ನಷ್ಟದ ವ್ಯಾಪಾರದಂತೆ ಕಾಣುತ್ತದೆ. ಆದರೆ ಉದ್ದದ ಮಾತು ಇನ್ನೂ ಬಂದಿಲ್ಲ. ಒಂದು ತುದಿಯಲ್ಲಿ ಬಿಗಿದ ಕೊಳವೆಯ ಇನ್ನೊಂದು ತುದಿ ಬಾಗುವ ಪ್ರಮಾಣವು ಉದ್ದದ ಘನವನ್ನು ಅನುಸರಿಸುತ್ತದೆ. ತೆಳು ಕೊಳವೆಯನ್ನು 20 ಅಂಗುಲದಿಂದ 16ಕ್ಕೆ ಕತ್ತರಿಸಿದರೆ ಅದರ ಬಾಗು ಅರ್ಧವಾಗುತ್ತದೆ. ಎಂದರೆ ದಪ್ಪನೆಯ ಉದ್ದ ಕೊಳವೆಗೆ ಅದು ಹೆಚ್ಚುಕಡಿಮೆ ಸರಿಸಮವಾಗುತ್ತದೆ. ತೂಕವೋ, 500 ಗ್ರಾಂ ಮಾತ್ರ! ಆದುದರಿಂದ ತೂಕ ಇಳಿಸಬೇಕೆನ್ನುವವರು ಹೆರೆಯುವುದಕ್ಕೆ ಮುಂಚೆ ಉದ್ದದ ಕಡೆ ನೋಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಇದಕ್ಕೂ ಬೆಲೆಯುಂಟು: ಅಂಗುಲವೊಂದು ಕಡಿಮೆಯಾದಾಗ ಈ ಬಗೆಯ ಗುಂಡಿನ ವೇಗ ಸೆಕೆಂಡಿಗೆ ಸುಮಾರು ಆರೆಂಟು ಮೀಟರಿನಷ್ಟು ಇಳಿಯುತ್ತದೆ, ಬಾಯಿಯಲ್ಲಿ ಬೆಂಕಿಯ ಕುಡಿಯೂ ಸದ್ದೂ ಹೆಚ್ಚುತ್ತವೆ.

ಬಾಗುವಿಕೆ ಏಕೆ ಮುಖ್ಯವೆಂದರೆ, ಗುಂಡು ಹೊರಡುವಾಗ ನಳಿಗೆ ಸುಮ್ಮನೆ ನಿಂತಿರುವುದಿಲ್ಲ. ತಂತಿ ಮೀಟಿದಂತೆ ಅದು ಕಂಪಿಸುತ್ತದೆ. ತೆಳು ನಳಿಗೆಯ ಕಂಪನ ದೊಡ್ಡದು. ಗುಂಡು ಬಾಯಿ ಬಿಡುವ ಕ್ಷಣದಲ್ಲಿ ನಳಿಗೆಯ ತುದಿ ಎತ್ತ ತಿರುಗಿದೆಯೋ ಗುಂಡೂ ಅತ್ತಲೇ. ಪ್ರತಿಸಲವೂ ಒಂದೇ ಬಗೆಯಾಗಿ ಕಂಪಿಸಿದರೆ ತೊಂದರೆಯಿಲ್ಲ, ಗುರಿಕಣ್ಣನ್ನು ಅದಕ್ಕೆ ಹೊಂದಿಸಬಹುದು. ಅರೆ-ಸ್ವಯಂಚಾಲಿತ ಕೋವಿಯಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಇಂಥ ಹಲವು ಕೋವಿಗಳಲ್ಲಿ ನಳಿಗೆಯ ಮಧ್ಯದ ಸಣ್ಣ ರಂಧ್ರದಿಂದ ಅನಿಲವು ಹೊರಬಂದು ಕೊಂತವೊಂದನ್ನು ಹಿಂದಕ್ಕೆ ತಳ್ಳಿ, ಬರಿದಾದ ತೋಟಾವನ್ನು ಹೊರಗೆಸೆದು, ಹೊಸದನ್ನು ತುಂಬುತ್ತದೆ. ಈ ಸಲಕರಣೆ ನಳಿಗೆಗೇ ಜೋತುಕೊಂಡಿದೆ. ಅದರ ನೂಕು ನಳಿಗೆಯನ್ನೂ ಬಾಗಿಸುತ್ತದೆ. ರಂಧ್ರ ಕೊರೆದ ಕಡೆ ಗೋಡೆ ಗಟ್ಟಿಯಾಗಿರಲೇಬೇಕು.

ಇನ್ನು ಶಾಖ. ಒಂದು ತೋಟಾದಲ್ಲಿ ಸುಮಾರು ಮೂರು ಗ್ರಾಂ ಮದ್ದಿರುತ್ತದೆ. ಅದು ಉರಿದಾಗ ಹೊಮ್ಮುವ ಶಕ್ತಿಯಲ್ಲಿ ಗುಂಡಿಗೆ ಸೇರುವುದು ಮೂರರಲ್ಲೊಂದು ಪಾಲಿನ ಸುಮಾರು. ಉಳಿದುದರಲ್ಲಿ ಬಹುಭಾಗ ಅನಿಲದೊಡನೆ ಹೊರಬಿದ್ದರೂ ಒಂದಂಶ ನಳಿಗೆಗೆ ಅಂಟುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಗುಂಡೊಂದಕ್ಕೆ 1500 ಜೌಲ್ ಎಂದಿಟ್ಟುಕೊಳ್ಳೋಣ. ಮೇಲಿನ ದಪ್ಪ ಕೊಳವೆ ಇಷ್ಟರಿಂದ ಮೂರೂವರೆ ಡಿಗ್ರಿ ಬಿಸಿಯಾದರೆ, ಅಷ್ಟೇ ಉದ್ದದ ತೆಳು ಕೊಳವೆ ಐದು ಡಿಗ್ರಿ ಬಿಸಿಯಾಗುತ್ತದೆ. 20 ಗುಂಡುಗಳನ್ನು ಬೇಗಬೇಗ ಹಾರಿಸಿದಾಗ ಒಂದು 70 ಡಿಗ್ರಿಯಷ್ಟು ಏರಿದರೆ ಇನ್ನೊಂದು 100ರಷ್ಟು ಏರುತ್ತದೆ. ಕಲಬುರಗಿಯ ವೈಶಾಖದ ಬಿಸಿಲಿನಲ್ಲಿ ನೆರಳೇ 40 ಡಿಗ್ರಿ ದಾಟಿರುವಾಗ ಆರಂಭದ ಮಟ್ಟವೇ ಮೇಲಿದೆ ಎಂಬುದನ್ನೂ ಮರೆಯಬಾರದು. ತೆಳು ನಳಿಗೆ ಬೇಗ ಕಾಯುವಂತೆ ಬೇಗ ಆರುವುದೂ ನಿಜ. ಅದರ ತೂಕಕ್ಕೆ ಹೋಲಿಸಿದರೆ ಮೈ ವಿಸ್ತಾರ ಹೆಚ್ಚು. ಆದರೆ ಆರುವುದಕ್ಕೆ ಬಿಡುವು ಬೇಕು, ಆ ಬಿಡುವು ಬೇಕಾದಾಗ ದೊರೆಯುವುದಿಲ್ಲ.

ಕಾದ ನಳಿಗೆ ಗುರಿ ತಪ್ಪಿಸುವುದು ಹೇಗೆ? ಉಕ್ಕಿನ ಸಲಾಕೆಯನ್ನು ಕೊರೆದು, ತಿರುಗಿಸಿ, ನೇರ ಮಾಡುವಾಗ ಅದರೊಳಗೆ ಅಡಗಿದ ಬಿಗಿತಗಳು ಉಳಿದುಬಿಡುತ್ತವೆ. ಕಾದಾಗ ಅವು ಅಸಮವಾಗಿ ಸಡಿಲಿ ನಳಿಗೆ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಬ್ರಿಟಿಷರು 1944ರಿಂದ ತಯಾರಿಸಿದ, 'ಕಾಡಿನ ಕೋವಿ' ಎಂದೇ ಹೆಸರಾದ .303ರ ಹಗುರ ರೂಪದಲ್ಲಿ ನಳಿಗೆಯನ್ನು ಮೊಟಕುಮಾಡಿ, ಉಕ್ಕನ್ನು ಅಲ್ಲಲ್ಲಿ ಕೆತ್ತಿ, ಮುಕ್ಕಾಲು ಕಿಲೋಗ್ರಾಂಗೂ ಹೆಚ್ಚು ತೂಕ ಉಳಿಸಿದರು. ಅದರ ಗುರಿ ನಿಂತಲ್ಲಿ ನಿಲ್ಲದೆ ಅಲೆದಾಡುತ್ತದೆಂಬ ದೂರು ಬಂದಿತು. 1947ರಲ್ಲಿ ತಯಾರಿಕೆ ನಿಂತಿತು.

ಉಕ್ಕನ್ನೇ ಬಿಟ್ಟು ಹಗುರ ಲೋಹಕ್ಕೆ ಹೋದರೋ ಎಂದು ಕೇಳುವವರಿಗೆ ಅಮೆರಿಕದ ಆರ್ಮಲೈಟ್ ಕಂಪೆನಿಯ ಕಥೆ ಉತ್ತರ ಹೇಳುತ್ತದೆ. ಅದರ ಎ.ಆರ್.-10 ಕೋವಿಯ ಶಿಲ್ಪಿ ಯೂಜಿನ್ ಸ್ಟೋನರ್. ಒಳಗೆ ತೆಳುವಾದ ಉಕ್ಕಿನ ಕೊಳವೆ, ಹೊರಗೆ ಅಲ್ಯೂಮಿನಿಯಮ್ ಕವಚ ಇರುವ ನಳಿಗೆಯನ್ನೇ ಹಾಕಬೇಕೆಂದು ಕಂಪೆನಿಯ ಅಧ್ಯಕ್ಷ ಜಾರ್ಜ್ ಸಲಿವನ್ ಹಟ ಹಿಡಿದ, ಸ್ಟೋನರ್ ಬೇಡವೆಂದ. 1957ರ ಆರಂಭದಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕಠಿಣ ಪರೀಕ್ಷೆಯಲ್ಲಿ ಆ ನಳಿಗೆ ಬಿರಿಯಿತು. ಕಾದಾಗ ಅಲ್ಯೂಮಿನಿಯಮ್ ತನ್ನ ಬಲ ಕಳೆದುಕೊಳ್ಳುತ್ತದೆ, ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ ಎಂಬುದು ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲೇ ಇರುವ ಮಾತು. ಆಮೇಲೆ ಉಕ್ಕಿನ ನಳಿಗೆಯನ್ನೇ ಹಾಕಿದರು; ಕೋವಿಯ ತೂಕವೂ ತುಸು ಏರಿತು. ಇತ್ತೀಚೆಗೆ ತೆಳು ಉಕ್ಕಿನ ಮೇಲೆ ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಅದ್ದಿ ಸುತ್ತುವ ಪದ್ಧತಿ ಬಂದಿದೆ. ಆ ಸುತ್ತಿನ ಸಾಂದ್ರತೆ ಉಕ್ಕಿನ ಐದರಲ್ಲೊಂದು ಪಾಲು, ಬಿಗುಪು ಚೆನ್ನಾಗಿದೆ. ಆದರೆ ಅಂಟು ಎಷ್ಟು ಶಾಖ ತಾಳೀತು ಎಂಬ ಮಿತಿ ಅದಕ್ಕೂ ಇದೆ.

ಬಾಗುವ, ಕಾಯುವ ಕೊಳವೆಯ ಈ ಸಮಸ್ಯೆಯನ್ನು ದೊಡ್ಡ ಗಾತ್ರದಲ್ಲಿ ನೋಡಬೇಕೆನ್ನುವವರು ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕಿಲ್ನನ್ನು ನೋಡಬಹುದು. ನಾಲ್ಕೈದು ಮೀಟರ್ ವ್ಯಾಸದ, ಹತ್ತಾರು ಮೀಟರ್ ಉದ್ದದ ಉಕ್ಕಿನ ಕೊಳವೆಯದು. ಒಳಗೆ ಸುಣ್ಣಕಲ್ಲು ಮತ್ತು ಮಣ್ಣಿನ ಮಿಶ್ರಣ ಸುಮಾರು 1450 ಡಿಗ್ರಿಯಲ್ಲಿ ಬೇಯುತ್ತದೆ. ಇಟ್ಟಿಗೆಯ ಒಳಹಾಸು ಇಲ್ಲದಿದ್ದರೆ ಉಕ್ಕು ಉಳಿಯುವಂತಿಲ್ಲ. ಅದರ ಗೋಡೆಯೂ ಎಲ್ಲ ಕಡೆ ಒಂದೇ ದಪ್ಪವಲ್ಲ: ಉರುಳುಗಾಲಿಗಳ ಮೇಲೆ ಕೂರುವ ಬಳೆಗಳ ಕೆಳಗೆ ದಪ್ಪ, ನಡುವೆ ತೆಳು. ಇಡೀ ಕೊಳವೆಗೆ ದಪ್ಪ ಉಕ್ಕನ್ನು ಬಳಸಿದರೆ ಅದರ ಸ್ವಂತ ಭಾರವೇ ಗಾಲಿಗಳಿಗೆ ಹೊರೆಯಾಗುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ ನಮ್ಮ ಹಳೆಯ ತೋಪುಗಳಿವೆ. ಕಲಬುರಗಿ ಕೋಟೆಯ ಬಾರಾ ಗಜೀ ತೋಪು ಸುಮಾರು 29 ಅಡಿ ಉದ್ದ. ವಿಜಯಪುರದ ಮಲಿಕ್-ಎ-ಮೈದಾನ್, 1549ರಲ್ಲಿ ಎರಕ ಹೊಯ್ದದ್ದು, 55 ಟನ್ನಿನಷ್ಟು ಭಾರ. ಕೊತ್ತಳ ಬಿಟ್ಟು ಕದಲದ ತೋಪಿಗೆ ಭಾರ ದೋಷವಲ್ಲ, ಹಿನ್ನೂಕನ್ನು ಅದೇ ನುಂಗುತ್ತದೆ.

ನಮ್ಮ ಸೈನ್ಯದ ಕೋವಿಗಳಲ್ಲೂ ಈ ತೂಗಾಟ ಕಾಣುತ್ತದೆ. 1962ರ ಯುದ್ಧದಲ್ಲಿ ಯೋಧರ ಕೈಯಲ್ಲಿದ್ದುದು ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ .303. ಅನಂತರ ಬಂದ ಇಶಾಪುರ ಕಾರ್ಖಾನೆಯ ಅರೆ-ಸ್ವಯಂಚಾಲಿತ 1ಎ1 ಕೋವಿಗೆ 533 ಮಿಲಿಮೀಟರ್ ನಳಿಗೆ, ತೂಕ ನಾಲ್ಕು ಕಿಲೋಗ್ರಾಂಗೂ ಮೇಲೆ. ಅದರ ಸ್ಥಾನಕ್ಕೆ ಬಂದ 5.56 ಮಿಲಿಮೀಟರಿನ ಇನ್ಸಾಸಿಗೆ 464 ಮಿಲಿಮೀಟರ್. 2019ರಲ್ಲಿ ಅಮೆರಿಕದಿಂದ ತರಿಸಲು ಒಪ್ಪಂದವಾದ 72,400 ಸಿಗ್ 716 ಕೋವಿಗಳು ಮತ್ತೆ 7.62ರವು, ನಳಿಗೆ ಮಾತ್ರ 16 ಅಂಗುಲದ್ದು. ಗುಂಡು ದೊಡ್ಡದಾಯಿತು, ನಳಿಗೆ ಗಿಡ್ಡವಾಯಿತು.

ದಿನವೆಲ್ಲ ಹೊತ್ತು ನಡೆದು ಐದಾರು ಗುಂಡು ಹಾರಿಸುವವನಿಗೆ ತೆಳು ನಳಿಗೆಯೇ ಸರಿ. ಒಂದೆಡೆ ಮಲಗಿ ನೂರು ಗುಂಡು ಹಾರಿಸುವ ಸ್ಪರ್ಧಾಳುವಿಗೆ ದಪ್ಪನೆಯದೇ ಬೇಕು. ಅದರ ಭಾರವೇ ಅವನ ಕೈಯನ್ನು ನಿಲ್ಲಿಸುತ್ತದೆ. ಎರಡೂ ಬೇಕೆನ್ನುವ ಸೈನ್ಯಕ್ಕೆ ನಡುವಣ ದಾರಿ. ತೆಳು ನಳಿಗೆಗಳಲ್ಲಿಯೂ ಒಳ್ಳೆಯದು ಕೆಟ್ಟದ್ದು ಇರುವುದರಿಂದ, ಬಿಗಿತ ಸಡಿಲಾಗುವಂತೆ ಕುಲುಮೆಯಲ್ಲಿ ಹದವಾಗಿ ಕಾಯಿಸಿ ಆರಿಸಿದ ನಳಿಗೆಯನ್ನೇ ಆರಿಸಿಕೊಳ್ಳಬೇಕು. ಪರೀಕ್ಷಿಸುವವರು ಅದನ್ನು ಚೆನ್ನಾಗಿ ತಣಿಸಿ, ಬಿಡುವಿಲ್ಲದೆ ಹತ್ತು ಗುಂಡು ಹಾರಿಸಿ, ಹಾಳೆಯ ಮೇಲೆ ಮೊದಲ ಮೂರು ತೂತುಗಳಿಗೂ ಕೊನೆಯ ಮೂರಕ್ಕೂ ಇರುವ ದೂರವನ್ನು ಅಳೆಯುತ್ತಾರೆ.