ಹೊಸದುರ್ಗದ ಸೋಲು, ಬಾಗಲಕೋಟೆಯ ಗೆಲುವು

ಮಾದನಾಯಕನಹಳ್ಳಿಯ ಮುಂದಿನ ಹೆದ್ದಾರಿಯಲ್ಲಿ ಚಿತ್ರದುರ್ಗದತ್ತ ಸಾಗಿದರೆ, ಆ ನಗರದ ಸಮೀಪದ ಸೀಬಾರದಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರ ಸ್ಮಾರಕವಿದೆ. ಏಕೀಕರಣದ ಧುರೀಣರಾಗಿ ಅವರನ್ನು ನಾಡೆಲ್ಲ ಬಲ್ಲದು. ತಮ್ಮದೇ ಜಿಲ್ಲೆಯಲ್ಲಿ ಅವರು ಸೋತದ್ದನ್ನು ನೆನೆಯುವವರು ವಿರಳ.

1902ರಲ್ಲಿ ಹಲುವಾಗಿಲಿನಲ್ಲಿ ಜನಿಸಿದ ಅವರು 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. 1958ರಲ್ಲಿ ಆ ಸ್ಥಾನದಿಂದ ಇಳಿದರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಂದಿತಾದರೂ, ಹೊಸದುರ್ಗದಲ್ಲಿ ಸ್ಪರ್ಧಿಸಿದ್ದ ನಿಜಲಿಂಗಪ್ಪನವರು ಜಿ.ಟಿ. ರಂಗಪ್ಪನವರೆದುರು ಪರಾಜಿತರಾದರು. ರಾಜ್ಯವನ್ನು ಒಂದುಗೂಡಿಸಿದವರೆಂಬ ಹಿರಿಮೆಯೂ ಅಲ್ಲಿ ಮತವಾಗಲಿಲ್ಲ.

ಶಾಸಕರಲ್ಲದವರೂ ಸಚಿವರಾಗಬಹುದು, ಆದರೆ ಆರು ತಿಂಗಳೊಳಗೆ ಸದನದ ಸದಸ್ಯರಾಗಬೇಕೆಂದು ಸಂವಿಧಾನದ 164ನೆಯ ವಿಧಿ ಹೇಳುತ್ತದೆ. ಸೋತ ನಾಯಕರನ್ನು ಕೂಡಲೇ ಗದ್ದುಗೆಗೇರಿಸಲು ಈ ಅವಕಾಶವಿತ್ತು. ಹಾಗೆ ಮಾಡದೆ, ಹುನಗುಂದದ ಶಾಸಕ ಎಸ್.ಆರ್. ಕಂಠಿಯವರನ್ನು 1962ರ ಮಾರ್ಚ್ 14ರಂದು ಮುಖ್ಯಮಂತ್ರಿಯನ್ನಾಗಿಸಲಾಯಿತು. ಇದು ಹೆಚ್ಚು ಮರ್ಯಾದೆಯ ದಾರಿಯೆಂದೇ ನನ್ನ ಅನಿಸಿಕೆ.

ಮುಂದೆ ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ತಮ್ಮ ಸ್ಥಾನ ತೆರವು ಮಾಡಿಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್‌ನಲ್ಲಿ ಕಂಠಿಯವರು ಅಧಿಕಾರವನ್ನು ಅವರಿಗೆ ಒಪ್ಪಿಸಿದರು. ಕೈಗೆ ಬಂದ ಗದ್ದುಗೆಯನ್ನು ತಕರಾರಿಲ್ಲದೆ ಮರಳಿಸುವುದು ಅಂದಿಗೂ ಅಪರೂಪವೇ.

ನಿಜಲಿಂಗಪ್ಪನವರು 1967ರಲ್ಲಿ ಶಿಗ್ಗಾಂವಿಯಿಂದ ಆಯ್ಕೆಯಾಗಿ, 1968ರವರೆಗೆ ಮುಖ್ಯಮಂತ್ರಿಗಳಾಗಿದ್ದರು. ತೊಂಬತ್ತೆಂಟು ದಿನಗಳ ಮುಖ್ಯಮಂತ್ರಿ ಕಂಠಿಯವರು, ತಾವು ಸ್ಥಾನ ಬಿಟ್ಟುಕೊಟ್ಟವರ ಸಂಪುಟದಲ್ಲಿಯೇ ಶಿಕ್ಷಣ ಸಚಿವರಾಗಿ ದುಡಿದರು.