ಹಳೆಯ ಪಟದ ಸಿಪಾಯಿ ಯಾರು?

ಇಂಗ್ಲೆಂಡಿನ ಹಳೆಯ ಸಾಮಾನುಗಳ ಅಂಗಡಿಗಳಲ್ಲಿ ಇಂದಿಗೂ ಒಂದು ಬಗೆಯ ಪಟಗಳು ಕಟ್ಟುಕಟ್ಟಾಗಿ ಮಾರಾಟಕ್ಕೆ ಬರುತ್ತವೆ. ಅಂಗೈಯಗಲದ ದಪ್ಪ ರಟ್ಟು. ಅದರ ಮೇಲೆ ಅಂಟಿಸಿದ ಕಂದುಬಣ್ಣದ ಛಾಯಾಚಿತ್ರ. ಕುರ್ಚಿಯ ಬೆನ್ನಿನ ಮೇಲೆ ಒಂದು ಕೈಯೂರಿ, ಮೀಸೆ ತಿರುವಿ, ಎದೆಯುಬ್ಬಿಸಿ ನಿಂತ ಸಿಪಾಯಿ. ಅಂಗಿಯ ಗುಂಡಿಗಳು ಸಾಲಾಗಿ ಹೊಳೆಯುತ್ತಿವೆ. ಟೋಪಿ ಪಕ್ಕದ ಮೇಜಿನ ಮೇಲಿದೆ. ಪಟವನ್ನು ತಿರುಗಿಸಿ ನೋಡಿದರೆ ಛಾಯಾಚಿತ್ರಗಾರನ ಹೆಸರು, ವಿಳಾಸ, ಸುತ್ತ ಹೂಬಳ್ಳಿಯ ಅಲಂಕಾರ ಎಲ್ಲವೂ ಇವೆ. ಇಲ್ಲದಿರುವುದು ಒಂದೇ—ಪಟದಲ್ಲಿರುವವನ ಹೆಸರು!

ಇಂಥ ಪಟಗಳು ಹುಟ್ಟಿದ ಕಥೆ ಸ್ವಾರಸ್ಯವಾದುದು. 1854ರಲ್ಲಿ ಪ್ಯಾರಿಸ್ಸಿನ ಡಿಸ್ದೆರಿ ಎಂಬಾತನು ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅದುವರೆಗೆ ಶ್ರೀಮಂತರ ಸೊತ್ತಾಗಿದ್ದ ಭಾವಚಿತ್ರ ಬಡವರ ಕೈಗೂ ಎಟುಕಿತು. ಸುಮಾರು ಎರಡೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಉದ್ದದ ಈ ರಟ್ಟುಗಳು 1860ರಿಂದೀಚೆಗೆ ಇಂಗ್ಲೆಂಡಿನಲ್ಲಿ ಮನೆಮನೆಗೂ ಹೊಕ್ಕವು. 1866ರಲ್ಲಿ ಇದಕ್ಕಿಂತ ದೊಡ್ಡದಾದ ‘ಕ್ಯಾಬಿನೆಟ್’ ಅಳತೆಯ ಪಟ ಬಂದಿತು. ಹಡಗು ಹತ್ತುವ ಮುನ್ನ ಸಾಮಾನ್ಯ ಸಿಪಾಯಿಯೂ ಸ್ಟುಡಿಯೋಕ್ಕೆ ಹೋಗಿ ನಿಂತು, ಹೆತ್ತವಳಿಗೆ ಒಂದು ಪಟ ಕಳುಹಿಸಬಹುದಾಯಿತು.

ನೂರೈವತ್ತು ವರ್ಷಗಳ ಮೇಲೆ ಆ ಸಿಪಾಯಿ ಯಾರೆಂದು ಕಂಡುಹಿಡಿಯಲು ಸಾಧ್ಯವೆ? ಅವನು ಮಾತನಾಡಲಾರ, ಆದರೆ ಅವನು ತೊಟ್ಟ ಸಮವಸ್ತ್ರ ಮಾತನಾಡುತ್ತದೆ. ಗುಂಡಿ, ಪಟ್ಟಿ, ಪದಕ—ಒಂದೊಂದೂ ಒಂದೊಂದು ಸಾಕ್ಷಿ. ಆದರೆ ಈ ಸಾಕ್ಷಿಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಮಾತು ಈ ಪಟಗಳಿಗೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪದು.

ಕೆಂಪು ಕಪ್ಪಾದ ಬಗೆ

ವಿಕ್ಟೋರಿಯ ರಾಣಿಯ ಕಾಲದ ಬ್ರಿಟಿಷ್ ಕಾಲಾಳು ಸಿಪಾಯಿಯ ಅಂಗಿ ಕೆಂಪು. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಪಟದಲ್ಲಿ ಅದು ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ!

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನವೇ ಇದಕ್ಕೆ ಕಾರಣ. ಗಾಜಿನ ಫಲಕಕ್ಕೆ ಬಳಿಯುತ್ತಿದ್ದ ಬೆಳ್ಳಿಯ ಲವಣಕ್ಕೆ ನೀಲಿ ಬೆಳಕು ಬಲು ಬೇಗ ನಾಟುತ್ತಿತ್ತು. ಕೆಂಪು ಬೆಳಕು ನಾಟುತ್ತಲೇ ಇರಲಿಲ್ಲ. ಛಾಯಾಚಿತ್ರಗಾರನು ತನ್ನ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಸುತ್ತಿದ್ದುದೂ ಇದೇ ಕಾರಣದಿಂದ. ಹೀಗಾಗಿ ಕೆಂಪು ಕಪ್ಪಾಯಿತು, ಹಳದಿಯೂ ಕಪ್ಪಿಗೆ ತಿರುಗಿತು, ಆಕಾಶದ ನೀಲಿ ಬೆಳ್ಳಗಾಯಿತು. ಬಣ್ಣದ ಈ ಕುರುಡನ್ನು ನೀಗುವ ದಾರಿಯನ್ನು ಜರ್ಮನಿಯ ಫೋಗಲ್ 1873ರಲ್ಲಿ ಕಂಡುಹಿಡಿದರೂ ಕೆಂಪು ಸರಿಯಾಗಿ ಮೂಡಲು ಮತ್ತೂ ಹಲವು ವರ್ಷ ಬೇಕಾದವು. ಈ ಮಾತಿಗೆ ಸಾಕ್ಷಿ ನಮ್ಮ ಮನೆಗಳ ಗೋಡೆಯ ಮೇಲೂ ಉಂಟು. ಮುತ್ತಜ್ಜಿಯ ಹಳೆಯ ಪಟವನ್ನು ನೋಡಿ: ಹಣೆಯ ಕೆಂಪು ಕುಂಕುಮ ಅಚ್ಚ ಕಪ್ಪು ಬೊಟ್ಟಾಗಿ ಕಾಣುತ್ತದೆ.

ಆದ್ದರಿಂದ ಕಪ್ಪು ಅಂಗಿ ಕಂಡೊಡನೆ, ಇವನು ಕಡುಹಸಿರು ತೊಡುತ್ತಿದ್ದ ರೈಫಲ್ ದಳದವನು ಎಂದು ತೀರ್ಮಾನಿಸುವುದು ತಪ್ಪಾದೀತು. ಅಂಗಿಯ ಮುಂದಂಚನ್ನು ನೋಡಬೇಕು. ಅಲ್ಲಿ ತೆಳ್ಳನೆಯ ಬಿಳಿಯ ಗೆರೆ ಇದ್ದರೆ ಅದು ಕಾಲಾಳಿನ ಕೆಂಪಂಗಿ ಎನ್ನಲು ಬಲವಾದ ಆಧಾರ. ಅಂಗಿಗಿಂತ ಕಾಲರೇ ಹೆಚ್ಚು ಕಪ್ಪಾಗಿದ್ದರೆ ಅದು ಫಿರಂಗಿ ದಳದ್ದಿರಬಹುದು. ಅವರದು ನೀಲಿ ಅಂಗಿ, ಕೆಂಪು ಕಾಲರು.

ಎಡ ಬಲವಾದ ಬಗೆ

ಎರಡನೆಯ ಮೋಸ ಇನ್ನೂ ಸೂಕ್ಷ್ಮವಾದುದು. ರಟ್ಟಿನ ಪಟಗಳಲ್ಲದೆ, ಗಾಜಿನ ಮೇಲೆ ಅಥವಾ ತೆಳುವಾದ ಕಬ್ಬಿಣದ ತಗಡಿನ ಮೇಲೆ ನೇರವಾಗಿ ಮೂಡಿಸಿದ ಚಿತ್ರಗಳೂ ಆಗ ಬಳಕೆಯಲ್ಲಿದ್ದವು. ಇವುಗಳಲ್ಲಿ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡ ಬಲಕ್ಕೂ ಬಲ ಎಡಕ್ಕೂ ತಿರುಗಿರುತ್ತದೆ. ಎಡ ಎದೆಯ ಪದಕ ಬಲಕ್ಕೆ ಬಂದಿರುತ್ತದೆ. ಎಡಸೊಂಟದ ಕತ್ತಿ ಬಲಸೊಂಟದಲ್ಲಿ ತೂಗುತ್ತದೆ. ಗಂಡಸರ ಅಂಗಿಯಲ್ಲಿ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರಬೇಕು. ಅದು ಅದಲುಬದಲಾಗಿದ್ದರೆ ಚಿತ್ರ ತಿರುಗಿದೆ ಎಂದೇ ಅರ್ಥ. ಇದನ್ನು ಮೊದಲು ತಿಳಿದುಕೊಳ್ಳದೆ ಮುಂದಕ್ಕೆ ಹೋದರೆ ಎಣಿಕೆಯೆಲ್ಲ ತಲೆಕೆಳಗು. ಏಕೆಂದರೆ ಸಾರ್ಜೆಂಟನ ಕೆಂಪು ನಡುಪಟ್ಟಿ ಬಲ ಭುಜದಿಂದ ಇಳಿದರೆ, ಅಧಿಕಾರಿಯದು ಎಡ ಭುಜದಿಂದ ಇಳಿಯುತ್ತಿತ್ತು. ಎಡಬಲ ತಪ್ಪಿದರೆ ಪದವಿಯೇ ತಪ್ಪುತ್ತದೆ.

ತೋಳಿನ ಪಟ್ಟಿಗಳಲ್ಲಿಯೂ ಇಂಥದೇ ಎಚ್ಚರ ಬೇಕು. ಮೇಲ್ದೋಳಿನಲ್ಲಿ ತುದಿ ಕೆಳಗಾಗಿರುವ ಪಟ್ಟಿಗಳು ಪದವಿಯ ಗುರುತು. ಮುಂಗೈಯ ಮೇಲೆ ತುದಿ ಮೇಲಾಗಿರುವ ಪಟ್ಟಿಗಳು ಸಾಮಾನ್ಯವಾಗಿ ಕೇವಲ ಸನ್ನಡತೆಯ ಗುರುತು. ಇಂದಿನ ಮನೆಮಂದಿ ‘ನಮ್ಮ ಮುತ್ತಜ್ಜ ಸಾರ್ಜೆಂಟ್ ಆಗಿದ್ದ’ ಎಂದು ಹೆಮ್ಮೆಪಡುವಾಗ, ಪಾಪ, ಆ ಮುತ್ತಜ್ಜ ಹಲವು ವರ್ಷ ತಪ್ಪುಮಾಡದೆ ದುಡಿದ ಸಾಮಾನ್ಯ ಸಿಪಾಯಿಯಾಗಿರುವುದೂ ಉಂಟು.

ಅಂಗಿ ಹೇಳುವ ವರ್ಷ

ಪಟದ ಕಾಲವನ್ನು ನಿರ್ಣಯಿಸಲು ಅಂಗಿಯೇ ಪಂಚಾಂಗ. 1855ಕ್ಕೆ ಮುಂಚೆ ಮುಂಭಾಗ ಗಿಡ್ಡವಾಗಿ, ಹಿಂದೆ ಬಾಲವಿದ್ದ ಕೋಟು. ಆ ವರ್ಷ ಸುತ್ತಲೂ ಸಮನಾದ ನಿಡಿದಂಗಿ ಬಂದಿತು. ಮೊದಲು ಅದಕ್ಕೆ ಎರಡು ಸಾಲು ಗುಂಡಿಗಳಿದ್ದವು. 1856ರಲ್ಲಿ ಒಂದೇ ಸಾಲಾಯಿತು. ಅಧಿಕಾರಿಯ ಕಿರೀಟ-ನಕ್ಷತ್ರದ ಗುರುತು ಕಾಲರಿನ ಮೇಲಿದ್ದರೆ ಪಟ 1880ರವರೆಗಿನದು. ಭುಜದ ಮೇಲಿದ್ದರೆ ಅನಂತರದ್ದು. ಹಳೆಯ ಎತ್ತರದ ಟೋಪಿಯ ಸ್ಥಾನದಲ್ಲಿ ಶಿಖೆಯುಳ್ಳ ನೀಲಿ ಬಟ್ಟೆಯ ಶಿರಸ್ತ್ರಾಣ ಬಂದುದು 1878ರಲ್ಲಿ.

ಅತಿ ಮುಖ್ಯವಾದ ವರ್ಷ 1881. ಅದುವರೆಗೆ ಕಾಲಾಳು ರೆಜಿಮೆಂಟುಗಳಿಗೆ 1ರಿಂದ 109ರವರೆಗೆ ಅಂಕೆಗಳಿದ್ದವು. ಆ ವರ್ಷ ಯುದ್ಧಮಂತ್ರಿ ಚಿಲ್ಡರ್ಸನು ಅವುಗಳಲ್ಲಿ ಬಹುಪಾಲನ್ನು ಜೋಡಿಜೋಡಿಯಾಗಿ ಕೂಡಿಸಿ, ಅಂಕೆಗಳನ್ನು ತೆಗೆದು, ಪ್ರಾಂತಗಳ ಹೆಸರಿಟ್ಟನು. ಕಾಲರಿಗೂ ತೋಳಂಚಿಗೂ ಹೊಸ ಬಣ್ಣಗಳು ಗೊತ್ತಾದವು: ‘ರಾಯಲ್’ ಬಿರುದಿನವರಿಗೆ ನೀಲಿ, ಇಂಗ್ಲಿಷ್ ಮತ್ತು ವೆಲ್ಷ್ ರೆಜಿಮೆಂಟುಗಳಿಗೆ ಬಿಳಿ, ಸ್ಕಾಟರಿಗೆ ಹಳದಿ, ಐರಿಷರಿಗೆ ಹಸಿರು.

ಆದಕಾರಣ 1881ಕ್ಕಿಂತ ಹಿಂದಿನ ಪಟದಲ್ಲಿ ಹುಡುಕಬೇಕಾದುದು ಅಂಕೆಯನ್ನು. ಸಾಮಾನ್ಯ ಸಿಪಾಯಿಯ ಗುಂಡಿಯ ಮೇಲೆ 1871ರವರೆಗೂ ರೆಜಿಮೆಂಟಿನ ಅಂಕೆ ಇರುತ್ತಿತ್ತು. ಅನಂತರ ಎಲ್ಲರಿಗೂ ಒಂದೇ ರಾಜಲಾಂಛನದ ಗುಂಡಿ ಬಂದಿತು. ಭೂತಕನ್ನಡಿಯ ಕೆಳಗೆ ಬಟಾಣಿಗಿಂತ ಚಿಕ್ಕದಾದ ಗುಂಡಿಯ ಮೇಲೆ ಎರಡು ಅಂಕೆಗಳು ಮೂಡಿದುವೆಂದರೆ ಅರ್ಧ ಕೆಲಸ ಮುಗಿದಂತೆ.

ಪದಕದ ಸಾಕ್ಷ್ಯ

ಪದಕ ಸುಳ್ಳು ಹೇಳುವುದು ಅಪರೂಪ. ಪದಕ ಹುಟ್ಟುವ ಮುನ್ನ ಅದನ್ನು ಧರಿಸಿದ ಪಟ ಹುಟ್ಟಲಾರದಷ್ಟೆ. ಕ್ರಿಮಿಯಾ ಯುದ್ಧದ ಪದಕವನ್ನು ರಾಣಿ ಮೊದಲು ಹಂಚಿದುದು 1855ರ ಮೇ ತಿಂಗಳಲ್ಲಿ. ಅದರ ಪಟ್ಟಿ ತಿಳಿನೀಲಿ, ಅಂಚು ಹಳದಿ. ಪಟದಲ್ಲಿ ಅದು ಕಪ್ಪಂಚಿನ ಬಿಳಿಪಟ್ಟಿಯಾಗಿ ಕಾಣುವುದು! ಐದು ಮೊನೆಯ ಕಂಚಿನ ನಕ್ಷತ್ರವಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಬೇಕು. ನಡುವೆ ಸ್ಫಿಂಕ್ಸ್ ಮತ್ತು ಪಿರಮಿಡ್ಡುಗಳಿದ್ದರೆ ಅದು 1882ರ ಈಜಿಪ್ಟ್ ಯುದ್ಧದಿಂದ ಮೊದಲಾದ ಖೆದಿವನ ನಕ್ಷತ್ರ. ರಾಣಿಯ ಹೆಸರಿನ ಹೆಣೆದ ಅಕ್ಷರಗಳಿದ್ದರೆ 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ನಡೆದ ಸೇನೆಯದು. ಎರಡನೆಯದನ್ನು ಶತ್ರುಗಳಿಂದ ಹಿಡಿದ ಫಿರಂಗಿಗಳ ಲೋಹದಿಂದಲೇ ಎರಕಹೊಯ್ದರು.

ಹೆಸರು ತಿಳಿದ ಪಟಗಳೊಡನೆ ಹೋಲಿಸಿ ನೋಡುವುದೂ ಒಂದು ಉಪಾಯ. 1856ರಲ್ಲಿ ರಾಣಿಯ ಅಪೇಕ್ಷೆಯಂತೆ ಕಂಡಾಲ್ ಮತ್ತು ಹೌಲೆಟ್ ಎಂಬಿಬ್ಬರು ಕ್ರಿಮಿಯಾದಿಂದ ಮರಳಿದ ವೀರರ ಚಿತ್ರಗಳನ್ನು ತೆಗೆದರು. ಬೆಂಗಳೂರಿನ ದಂಡಿಗೆ 1896ರಲ್ಲಿ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಅದರ ಹಿಂದಿನ ವರ್ಷ ತೆಗೆಸಿಕೊಂಡ ಪಟವೂ ಪ್ರಸಿದ್ಧವಾದುದು. ಎದೆಗೆ ಅಡ್ಡಲಾಗಿ ಹುರಿಗಳನ್ನು ಹೆಣೆದ ಅಂಥ ಅಂಗಿ ಕಂಡರೆ ಹುಸಾರ್ ಕುದುರೆ ಸವಾರರನ್ನು ನೆನೆಯಬೇಕು.

ಸಿಪಾಯಿಯಲ್ಲದ ಸಿಪಾಯಿ

ಇಷ್ಟೆಲ್ಲ ಹುಡುಕಿದ ಮೇಲೆ ಅವನು ಸಿಪಾಯಿಯೇ ಅಲ್ಲವೆಂದು ತಿಳಿದುಬರುವುದೂ ಉಂಟು. ಟಪಾಲಿನವನು, ರೈಲಿನ ಗಾರ್ಡು, ವಾದ್ಯಗಾರ ಎಲ್ಲರಿಗೂ ಹೊಳೆಯುವ ಗುಂಡಿಗಳಿದ್ದವು. 1859ರಿಂದ ಗುಮಾಸ್ತರೂ ಅಂಗಡಿಯವರೂ ಸ್ವಯಂಸೇವಕ ರೈಫಲ್ ದಳಗಳನ್ನು ಸೇರಿ, ಬಿಡುವಿನ ವೇಳೆಯಲ್ಲಿ ಸಮವಸ್ತ್ರ ತೊಟ್ಟು ಕವಾಯತು ಮಾಡುತ್ತಿದ್ದರು. ಕಾಲರಿನ ಮೇಲೆ ಒಂದು ಅಕ್ಷರವೂ ಅಂಕೆಯೂ ಇದ್ದರೆ ಅವನು ಲಂಡನ್ನಿನ ಪೋಲೀಸಿನವನಿರಬಹುದು. ಅಕ್ಷರ ಅವನ ವಿಭಾಗ. ಅಂಕೆ ಅವನ ಸ್ವಂತದ್ದು.

ಹೆಸರಿನ ಹುಡುಕಾಟ

ಇದೆಲ್ಲ ಬರಿಯ ಹೊತ್ತುಕಳೆಯುವ ವಿನೋದವೇ? ಅಲ್ಲ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಅಂದಿನ ಸಿಪಾಯಿಗಳ ಬಿಡುಗಡೆಯ ಕಾಗದಗಳಿವೆ. ಹುಟ್ಟೂರು, ಎತ್ತರ, ಕಣ್ಣು-ಕೂದಲುಗಳ ಬಣ್ಣ, ಪಡೆದ ಪದಕ ಎಲ್ಲವೂ ಅವುಗಳಲ್ಲಿ ಬರೆದಿವೆ. 1872ರವರೆಗಿನ ಕಾಗದಗಳನ್ನು ಕಟ್ಟಿರುವುದು ರೆಜಿಮೆಂಟಿನ ಕ್ರಮದಲ್ಲಿ. ಈಗ ಹೆಸರು ಹಿಡಿದು ಹುಡುಕುವ ಅನುಕೂಲವೂ ಉಂಟಾಗಿದೆ. ಆದರೆ ಆ ಕಾಲದ ಕಾಗದಗಳು ಉಳಿದಿರುವುದು ಹೆಚ್ಚಾಗಿ ಬದುಕಿ ಬಂದು ವಿಶ್ರಾಂತಿವೇತನ ಪಡೆದವರವು. ಪರದೇಶದಲ್ಲಿ ಜ್ವರಕ್ಕೋ ಗುಂಡಿಗೋ ಬಲಿಯಾದವನಿಗೆ ಬಿಡುಗಡೆಯ ಕಾಗದವೆಲ್ಲಿ ಬರಬೇಕು? ಅವನ ಹೆಸರು ಹೆಚ್ಚಾಗಿ ರೆಜಿಮೆಂಟಿನ ಹಾಜರಿ ಪುಸ್ತಕದಲ್ಲಿ ಉಳಿದಿರುತ್ತದೆ. ನೂರಾರು ಹೆಸರುಗಳ ಆ ಪುಸ್ತಕವನ್ನು ತೆರೆಯಬೇಕಾದರೆ ಮೊದಲು ರೆಜಿಮೆಂಟು ಯಾವುದೆಂದು ತಿಳಿಯಬೇಕು. ಅದನ್ನು ಹೇಳಬಲ್ಲುದು ಗುಂಡಿಯ ಮೇಲಿನ ಆ ಎರಡು ಅಂಕೆಗಳೇ.

ಪಟದ ಹಿಂದೆ ಹೆಸರು ಬರೆಯಲು ಒಂದು ಸೀಸದಕಡ್ಡಿಯ ತುಣುಕು ಸಾಕಾಗಿತ್ತು. ಆದರೆ ಆ ದಿನ ಯಾರೂ ಬರೆಯಲಿಲ್ಲ. ಬರೆಯುವ ಅಗತ್ಯವಾದರೂ ಏನಿತ್ತು? ಮನೆಯವರೆಲ್ಲರಿಗೂ ಅವನ ಹೆಸರು ಗೊತ್ತಿತ್ತು.